ಮೂರನೆಯ ಅಂಕಿ ಎಲ್ಲಿ ಹೋಯಿತು? ಲೀಟ್ರಿಮ್ ಚುನಾವಣೆಯ ಕಥೆ ಕಳುಹಿಸಿದವರಿಗೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇವೆ, ಅದಕ್ಕೇ ಇಷ್ಟುದ್ದದ ಉತ್ತರ.

ಅಂಕಣ ಓದುವ ಉಳಿದವರಿಗಾಗಿ ಕಥೆಯ ತಿರುಳು ಹೀಗಿದೆ. ಹಾಸನದ ಕಡೆಯ ಸುಮಾ ಐರ್ಲೆಂಡಿನ ಲೀಟ್ರಿಮ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸಕ್ಕಿದ್ದಾಳೆ. ನೆರೆಮನೆಯ ರೈತ ಟಾಮ್ 2024ರ ಕೌಂಟಿ ಕೌನ್ಸಿಲ್ ಚುನಾವಣೆಗೆ ಪಕ್ಷೇತರನಾಗಿ ನಿಲ್ಲುತ್ತಾನೆ. ಸುಮಾ ಅವನೊಂದಿಗೆ ಮನೆಮನೆ ಸುತ್ತುತ್ತಾಳೆ. ಮತದಾನದ ರಾತ್ರಿಯೇ ಎಣಿಕೆ ನಡೆದು ಟಾಮ್ ಎದುರಾಳಿಯನ್ನು ಏಳು ಮತಗಳಿಂದ ಸೋಲಿಸುತ್ತಾನೆ. ಮರುವಾರವೇ ಸುಮಾಳಿಗೆ ಕೌನ್ಸಿಲ್‌ನ ಮನೆ ಮಂಜೂರು ಮಾಡಿಸುತ್ತಾನೆ.

ಭಾಷೆ ಚೆನ್ನಾಗಿದೆ, ಸಂಭಾಷಣೆಯೂ ಹಿಡಿಸಿತು. ಆದರೆ ಇದು ಲೀಟ್ರಿಮ್‌ನ ಚುನಾವಣೆ ಅಲ್ಲ. ನಮ್ಮ ಕಡೆಯ ಪಂಚಾಯಿತಿ ಚುನಾವಣೆಗೆ ರೈನ್‌ಕೋಟ್ ಹಾಕಿಸಿ ಅಲ್ಲಿ ನಿಲ್ಲಿಸಿದ್ದೀರಿ. ಮೈಕ್ ಕಟ್ಟಿದ ಕಾರು, ಬೆರಳಿಗೆ ಶಾಯಿ, ಒಬ್ಬನೇ ಎದುರಾಳಿ, ಮತಯಂತ್ರದ ಬೀಪ್ ಸದ್ದು, ಎಲ್ಲವೂ ಇಲ್ಲಿಂದ ಹೋದವು. ಮತಯಂತ್ರವಂತೂ ಐರ್ಲೆಂಡಿನಲ್ಲಿ ಹಳೆಯ ಹಾಸ್ಯ. 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಪರೀಕ್ಷಿಸಿ, ಆಮೇಲೆ 5 ಕೋಟಿ ಯೂರೋಗೂ ಹೆಚ್ಚು ಸುರಿದು, ಸುಮಾರು 7,500 ಯಂತ್ರಗಳನ್ನು ವರ್ಷಗಟ್ಟಲೆ ಗೋದಾಮಿನಲ್ಲಿಟ್ಟು, 2012ರಲ್ಲಿ ಗುಜರಿಗೆ ಹಾಕಿದರು. ಅಲ್ಲಿ ಇವತ್ತಿಗೂ ಕಾಗದದ ಚೀಟಿ ಮತ್ತು ದಾರ ಕಟ್ಟಿದ ಪೆನ್ಸಿಲ್.

ಮುಖ್ಯ ತಪ್ಪಿಗೆ ಬರೋಣ. ಲೀಟ್ರಿಮ್ ಕೌಂಟಿ ಕೌನ್ಸಿಲ್‌ಗೆ 18 ಸದಸ್ಯರು. ಬ್ಯಾಲಿನಮೋರ್, ಕ್ಯಾರಿಕ್ ಆನ್ ಶಾನನ್, ಮ್ಯಾನರ್‌ಹ್ಯಾಮಿಲ್ಟನ್ ಎಂದು ಮೂರೇ ಕ್ಷೇತ್ರ, ಪ್ರತಿಯೊಂದರಿಂದ ಆರು ಮಂದಿ. ಅಂದರೆ ಟಾಮ್‌ಗೆ ‘ಎದುರಾಳಿ’ ಅಂತ ಒಬ್ಬ ಇರುವುದಿಲ್ಲ. ಹತ್ತು ಹನ್ನೆರಡು ಜನ ಆರು ಕುರ್ಚಿಗಾಗಿ ನಿಂತಿರುತ್ತಾರೆ. ಮತದಾರ ಒಬ್ಬರ ಹೆಸರಿನ ಮುಂದೆ 1 ಬರೆಯುತ್ತಾನೆ, ಇಷ್ಟವಿದ್ದರೆ 2, 3, 4 ಎಂದು ಮುಂದುವರಿಸುತ್ತಾನೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪ್ರಾಶಸ್ತ್ಯ ಮತ ಗೊತ್ತು. ಆದರೆ ಅಲ್ಲಿ ಕುರ್ಚಿ ಒಂದೇ. ಆರು ಕುರ್ಚಿ ಇದ್ದಾಗ ಆಟ ಬೇರೆ.

ನಿಮ್ಮ ಕಥೆಗೆ ಹೊಂದುವ ಲೆಕ್ಕವನ್ನೇ ಹಾಕಿ ತೋರಿಸುತ್ತೇವೆ, ಅಂಕಿಗಳು ಕಾಲ್ಪನಿಕ. ಸಿಂಧು ಮತ 5,250 ಎಂದಿಟ್ಟುಕೊಳ್ಳಿ. ಕೋಟಾ, ಅಂದರೆ ಗೆಲ್ಲಲು ಮುಟ್ಟಬೇಕಾದ ಸಂಖ್ಯೆ, ಕಂಡುಹಿಡಿಯಲು ಅದನ್ನು ಕುರ್ಚಿಗಳ ಸಂಖ್ಯೆಗೆ ಒಂದು ಕೂಡಿಸಿದರೆ ಬರುವ 7ರಿಂದ ಭಾಗಿಸಿ. 750 ಬರುತ್ತದೆ, ಅದಕ್ಕೆ 1 ಸೇರಿಸಿದರೆ 751. ಯಾರು 751 ಮುಟ್ಟುತ್ತಾರೋ ಅವರು ಗೆದ್ದರು. ದೊಡ್ಡ ಪಕ್ಷದ ಮೊದಲ ಅಭ್ಯರ್ಥಿಗೆ 901 ಬಂದಿದೆ ಅನ್ನಿ. 150 ಹೆಚ್ಚುವರಿ. ಈ 150 ವ್ಯರ್ಥವಾಗಬಾರದು. ಹಾಗಾಗಿ ಆ 901 ಚೀಟಿಗಳನ್ನೂ ತೆಗೆದು, ಮುಂದಿನ ಪ್ರಾಶಸ್ತ್ಯ ಯಾರಿಗಿದೆ ಎಂದು ವಿಂಗಡಿಸುತ್ತಾರೆ. 61ರಲ್ಲಿ ಮುಂದೆ ಯಾರ ಹೆಸರೂ ಇಲ್ಲ, ಉಳಿದದ್ದು 840. ಅದರಲ್ಲಿ 420 ಅದೇ ಪಕ್ಷದ ಎರಡನೆಯ ಅಭ್ಯರ್ಥಿಗೆ ಹೋಗಿದ್ದರೆ ಅವನಿಗೆ 150ರಲ್ಲಿ ಅರ್ಧ, ಅಂದರೆ 75. ಟಾಮ್‌ಗೆ 84 ಹೋಗಿದ್ದರೆ ಬರೀ 15.

ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ರಾಜ್ಯಸಭೆಯ ಎಣಿಕೆಯಲ್ಲಿ ಒಂದು ಚೀಟಿಗೆ 100 ಮೌಲ್ಯ ಕೊಟ್ಟು ಅದರ ಭಾಗವನ್ನು ವರ್ಗಾಯಿಸುತ್ತಾರೆ. ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಹಾಗೆ ಒಡೆಯುವುದಿಲ್ಲ, ಇಡೀ ಚೀಟಿಯೇ ಎದ್ದು ಹೋಗುತ್ತದೆ. ಎರಡನೆಯ ಅಭ್ಯರ್ಥಿಯ 420ರ ಕಟ್ಟಿನಲ್ಲಿ ಮೇಲಿರುವ 75 ಚೀಟಿ ಅವನ ರಾಶಿಗೆ ಸೇರುತ್ತದೆ, ಮಿಕ್ಕವು ಗೆದ್ದವನ ಬಳಿಯೇ ಉಳಿಯುತ್ತವೆ. ಆ 75ರಲ್ಲಿ ಮುಂದೆ ಏನೇನು ಬರೆದಿದೆ ಎಂಬುದು ಅದೃಷ್ಟದ ಮಾತು. ಇನ್ನು, ಎರಡನೆಯ ಅಥವಾ ನಂತರದ ಸುತ್ತಿನಲ್ಲಿ ಗೆದ್ದವರ ಹೆಚ್ಚುವರಿಗೆ ಅವರಿಗೆ ಕೊನೆಯಲ್ಲಿ ಬಂದ ಕಟ್ಟನ್ನು ಮಾತ್ರ ನೋಡುತ್ತಾರೆ, ಎಲ್ಲ ಚೀಟಿಗಳನ್ನಲ್ಲ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೇ?

ಹೆಚ್ಚುವರಿ ಮುಗಿದ ಮೇಲೆ ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆಯುತ್ತಾ ಬರುತ್ತಾರೆ. ಅವರ ಚೀಟಿಗಳು ಮುಂದಿನ ಹೆಸರಿಗೆ ಹೋಗುತ್ತವೆ. ಮುಂದಿನ ಹೆಸರಿನವರು ಆಗಲೇ ಗೆದ್ದಿದ್ದರೆ ಅಥವಾ ಹೊರಬಿದ್ದಿದ್ದರೆ ಅವರನ್ನು ಹಾರಿಸಿ ಅದರ ಮುಂದಿನ ಹೆಸರಿಗೆ. ಟಾಮ್ ಮೊದಲ ಎಣಿಕೆಯಲ್ಲಿ 420 ಮತದೊಂದಿಗೆ ಎಂಟನೆಯವನು, ಪಕ್ಷದ ಎರಡನೆಯ ಅಭ್ಯರ್ಥಿ 470ರೊಂದಿಗೆ ಆರನೆಯವನು ಎಂದು ಮಾಡಿ. ಹೆಚ್ಚುವರಿ ಹಂಚಿದ ಮೇಲೆ 435ಕ್ಕೆ 545, ಅಂದರೆ ಟಾಮ್ 110 ಹಿಂದೆ. ಅಲ್ಲಿಂದ ಸುತ್ತು ಸುತ್ತಿಗೂ ಅಂತರ ಕರಗುತ್ತಾ ಬಂದು ಕೊನೆಯಲ್ಲಿ 611ಕ್ಕೆ 604. ಇಬ್ಬರೂ ಕೋಟಾ ಮುಟ್ಟಿಲ್ಲ, ಆದರೆ ಉಳಿದಿರುವುದು ಒಂದೇ ಕುರ್ಚಿ, ಟಾಮ್ ಕೋಟಾ ಇಲ್ಲದೆಯೇ ಆಯ್ಕೆಯಾದ ಎಂದು ಘೋಷಿಸುತ್ತಾರೆ. ನಿಮ್ಮ ಏಳು ಮತ ನಿಮಗೆ ಉಳಿಯಿತು, ಹೆಚ್ಚು ಅರ್ಥದೊಂದಿಗೆ. ಸೋತವನು ಮರುಎಣಿಕೆ ಕೇಳುವುದಕ್ಕೂ ಜಾಗವಾಯಿತು.

ಇದೇ ಕಾರಣಕ್ಕೆ ಪ್ರಚಾರದ ದೃಶ್ಯವೂ ಬದಲಾಗಬೇಕು. ನಿಮ್ಮ ಟಾಮ್ ಬಾಗಿಲಲ್ಲಿ ನಿಂತು ಪಕ್ಷದವನನ್ನು ಬಯ್ಯುತ್ತಾನೆ. ಅಲ್ಲಿ ಹಾಗೆ ಬಯ್ದವನು ಕೆಟ್ಟ. ಆ ಮನೆಯವರ 1 ಪಕ್ಷದವನಿಗೇ ಇರಬಹುದು, ಬೈಗುಳದಿಂದ 2 ಮತ್ತು 3ನ್ನೂ ಕಳೆದುಕೊಂಡಂತಾಯಿತು. ಅಲ್ಲಿನ ಅಭ್ಯರ್ಥಿ ಕೇಳುವುದು ಹೀಗೆ: “ಒಂದು ಆಗದಿದ್ದರೆ ಎರಡನ್ನಾದರೂ ನೋಡಿ.” ಮನೆಯವರು “ನಿಮಗೆ ಒಳ್ಳೆ ನಂಬರೇ ಬರುತ್ತೆ ಬಿಡಿ” ಅಂತಾರೆ. ಅದು ಯಾವ ನಂಬರು ಎಂದು ಕೇಳುವಂತಿಲ್ಲ! ಈ ಸೌಜನ್ಯದ ಹಿಂದಿರುವ ಲೆಕ್ಕಾಚಾರ ನಿಮ್ಮ ಸಂಭಾಷಣೆಗೆ ಬಂದರೆ ಕಥೆ ಅರ್ಧ ಗೆದ್ದಂತೆ.

ಬೇಲಿಯ ದೃಶ್ಯವನ್ನು ಎರಡೇ ಸಾಲಿಗೆ ಮುಗಿಸಿದ್ದೀರಿ, ನಮಗೆ ಸಿಟ್ಟು ಬಂದದ್ದು ಅಲ್ಲೇ. ಮುದುಕಿ “ರಸ್ತೆಗೆ ಬೇಲಿ ಬಂದುಬಿಟ್ಟಿದೆ” ಎನ್ನುತ್ತಾಳೆ, ಟಾಮ್ “ನಾಳೆಯೇ ಕತ್ತರಿಸಿಸುತ್ತೇನೆ” ಎನ್ನುತ್ತಾನೆ, ಮುಂದಿನ ಮನೆ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಅಲ್ಲಿ ಬೇಲಿ ಸವರುವುದಕ್ಕೆ ಕಾನೂನಿನ ನಿಷೇಧವಿದೆ, ರಸ್ತೆ ಸುರಕ್ಷತೆಯಂಥ ಕೆಲವು ವಿನಾಯಿತಿ ಬಿಟ್ಟರೆ. ಚುನಾವಣೆ ಜೂನ್‌ನಲ್ಲಿ. ಬೇಲಿ ಹುಲುಸಾಗಿ ಬೆಳೆದು ಕಾರಿನ ಕನ್ನಡಿಗೆ ತಾಗುವುದೂ ಆಗಲೇ. ಅದೂ ಅಲ್ಲದೆ ಬೇಲಿ ಕಾಯುವ ಹೊಣೆ ಜಮೀನಿನ ಒಡೆಯನದು, ಕೌನ್ಸಿಲ್‌ನದಲ್ಲ. ಆ ಜಮೀನು ಟಾಮ್‌ನ ಚಿಕ್ಕಪ್ಪನದಾಗಿದ್ದರೆ? ಈ ದೃಶ್ಯಕ್ಕೆ ಎರಡು ಪುಟ ಕೊಡಿ. ಮುದುಕಿ ಟಾಮ್‌ಗೆ 1 ಕೊಡುವುದಿಲ್ಲ, ತನ್ನ ಪ್ಯಾರಿಷ್‌ನ, ಅಂದರೆ ತನ್ನ ಚರ್ಚಿನ ವ್ಯಾಪ್ತಿಯ, ಹುಡುಗನಿಗೆ ಕೊಡುತ್ತಾಳೆ. 2 ಹಳೆಯ ಪಕ್ಷನಿಷ್ಠೆಗೆ. ಟಾಮ್‌ಗೆ 3. ಪ್ಯಾರಿಷ್‌ನ ಹುಡುಗ ಐದನೆಯ ಸುತ್ತಿನಲ್ಲಿ ಹೊರಬೀಳುತ್ತಾನೆ, 2ರವನು ಆಗಲೇ ಗೆದ್ದಾಗಿದೆ, ಚೀಟಿ ನೇರ ಟಾಮ್‌ನ ರಾಶಿಗೆ. ಇದು ಯಾರ ಚೀಟಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಓದುಗನಿಗೆ ಮಾತ್ರ ಗೊತ್ತು.

ಎಣಿಕೆಯ ದೃಶ್ಯ ರಾತ್ರಿ ನಡೆಯುವಂತಿಲ್ಲ. 2024ರ ಜೂನ್ 7, ಶುಕ್ರವಾರ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಆ ಹೊತ್ತಿಗೂ ಅಲ್ಲಿ ಬೆಳಕಿರುತ್ತದೆ, ನೀವು ಬರೆದ ‘ಕಗ್ಗತ್ತಲು’ ತೆಗೆಯಿರಿ. ಪೆಟ್ಟಿಗೆಗಳಿಗೆ ಸೀಲು ಹಾಕಿ ಇಟ್ಟು ಶನಿವಾರ ಬೆಳಿಗ್ಗೆ 9ಕ್ಕೆ ತೆರೆಯುತ್ತಾರೆ. ಆಗ ನಡೆಯುವ ‘ಟ್ಯಾಲಿ’ ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ, ಅದಿಲ್ಲದೆ ಐರಿಶ್ ಎಣಿಕೆಯ ಕಥೆ ಬರೆಯುವುದು ಉಪ್ಪಿಲ್ಲದ ಸಾರು. ಸಿಬ್ಬಂದಿ ಚೀಟಿಗಳನ್ನು ಬಿಡಿಸಿ ಮುಖ ಮೇಲೆ ಮಾಡಿ ಇಡುತ್ತಿರುವಾಗ, ಕಟಕಟೆಯ ಈಚೆ ನಿಂತ ಪಕ್ಷಗಳ ಜನ ಕತ್ತು ಚಾಚಿ 1 ಯಾರಿಗಿದೆ ಎಂದು ನೋಡಿ ಹಾಳೆಯಲ್ಲಿ ಗೀಟು ಎಳೆಯುತ್ತಾರೆ. ಪ್ರತಿ ಪೆಟ್ಟಿಗೆಯೂ ಒಂದು ಶಾಲೆಯದು, ಕೆಲವು ನೂರು ಚೀಟಿ. ಹಾಗಾಗಿ ಯಾವ ಊರು ಯಾರಿಗೆ ಕೈಕೊಟ್ಟಿತು ಎಂಬುದು ಪೆಟ್ಟಿಗೆ ಖಾಲಿಯಾಗುವಷ್ಟರಲ್ಲಿ ಬಯಲು. ತಮಾಷೆಯೆಂದರೆ ಹಾಳೆಗಳನ್ನು ಪಕ್ಷಭೇದವಿಲ್ಲದೆ ಒಟ್ಟುಗೂಡಿಸುತ್ತಾರೆ, ಮಾಹಿತಿ ಎಲ್ಲರಿಗೂ ಬೇಕಲ್ಲ. ಸುಮಾಳನ್ನು ಅಲ್ಲಿ ನಿಲ್ಲಿಸಿ, ಕೈಗೊಂದು ಹಾಳೆ ಕೊಡಿ. ಟಾಮ್‌ನ ಸ್ವಂತ ಊರಿನ ಪೆಟ್ಟಿಗೆಯಲ್ಲಿ ಅವನಿಗೆ ಎಣಿಸಿದ್ದಕ್ಕಿಂತ ಕಡಿಮೆ ಬಿದ್ದಿದೆ ಎಂದು ಮೊದಲು ಕಾಣುವವಳು ಅವಳಾಗಲಿ.

ಅನುಮಾನದ ಚೀಟಿಗಳ ಬಗ್ಗೆ ಒಂದು ಮಾತು. ಅಧಿಕೃತ ಮುದ್ರೆ ಇಲ್ಲದ್ದು, 1 ಎರಡು ಕಡೆ ಬಿದ್ದದ್ದು ಅಸಿಂಧು. ಗೆರೆಯೋ ಗುಣಾಕಾರದ ಗುರುತೋ ಇರುವುದು ಬೇರೆ ಗುಂಪಿಗೆ ಹೋಗಿ ಅದರ ಮೇಲೆ ವಾದ ನಡೆಯುತ್ತದೆ. ಏಳು ಮತದ ಅಂತರದಲ್ಲಿ ಈ ಗುಂಪೇ ಬಂಗಾರ.

ಸುಮಾ ಮತ ಹಾಕಿದ ರೀತಿಯಲ್ಲೂ ಎಡವಟ್ಟಾಗಿದೆ. ಅವಳು ಭಾರತೀಯ ಪಾಸ್‌ಪೋರ್ಟಿನವಳು ಎಂದು ಮೊದಲ ಪುಟದಲ್ಲೇ ಹೇಳಿದ್ದೀರಿ, ಆದರೂ ಅವಳ ಕೈಗೆ ಯುರೋಪಿಯನ್ ಪಾರ್ಲಿಮೆಂಟಿನ ಚೀಟಿಯನ್ನೂ ಕೊಟ್ಟಿದ್ದೀರಿ. ಅಂದು ಎರಡೂ ಚುನಾವಣೆ ಒಟ್ಟಿಗೆ ನಡೆದದ್ದು ನಿಜ. ಆದರೆ 18 ತುಂಬಿ ಅಲ್ಲಿ ವಾಸವಿರುವ ಯಾವ ದೇಶದವರೂ ಹಾಕಬಹುದಾದದ್ದು ಕೌನ್ಸಿಲ್ ಮತ ಮಾತ್ರ. ಪಟ್ಟಿಯಲ್ಲಿ ಅಂಥವರ ಹೆಸರಿನ ಪಕ್ಕ ‘ಎಲ್’ ಎಂದಿರುತ್ತದೆ. ಟಾಮ್‌ಗೆ ಎರಡು ಚೀಟಿ, ಅವಳಿಗೆ ಒಂದು. ಆ ಯುರೋಪಿಯನ್ ಚೀಟಿಯಲ್ಲಿ ಅವರ ಕ್ಷೇತ್ರಕ್ಕೆ 27 ಹೆಸರು, ಮೊಳದುದ್ದದ ಕಾಗದ. ಪಕ್ಕದವನು ಅದನ್ನು ಮಡಚಲು ಒದ್ದಾಡುವಾಗ ಸುಮಾ ತನ್ನ ಪುಟ್ಟ ಚೀಟಿ ಹಿಡಿದು ನಿಂತಿರುವ ಚಿತ್ರ ಸಾಕು, ಪರಕೀಯತೆಯ ಬಗ್ಗೆ ನೀವು ಬರೆದ ಇಡೀ ಪ್ಯಾರಾ ಹೊಡೆದುಹಾಕಬಹುದು. ಅಂದಹಾಗೆ ಅವಳು ಮತ ಹಾಕುವುದಷ್ಟೇ ಅಲ್ಲ, ಅಭ್ಯರ್ಥಿಯಾಗಿಯೂ ನಿಲ್ಲಬಹುದು. ಕೇರಳ ಮೂಲದ ಬೇಬಿ ಪೆರೆಪ್ಪಾಡನ್ 2024ರಲ್ಲಿ ದಕ್ಷಿಣ ಡಬ್ಲಿನ್ ಕೌಂಟಿಯ ಮೇಯರ್ ಆದರು. “ನಮ್ಮಂಥವರಿಗೆ ಇಲ್ಲಿ ಅದೆಲ್ಲ ಇಲ್ಲ” ಎಂಬ ಸುಮಾಳ ಮಾತಿಗೆ ಯಾರಾದರೂ ಉತ್ತರ ಕೊಡಲೇಬೇಕು.

ಕೊನೆಯ ದೃಶ್ಯವಂತೂ ನಿಲ್ಲುವುದೇ ಇಲ್ಲ. ಕೌನ್ಸಿಲರ್ ಯಾರಿಗೂ ಮನೆ ಮಂಜೂರು ಮಾಡಿಸಲಾರ. ಬಜೆಟ್, ಕೌಂಟಿಯ ಅಭಿವೃದ್ಧಿ ಯೋಜನೆ, ಮನೆ ಹಂಚಿಕೆಯ ನಿಯಮಾವಳಿ, ಇಂಥವು ಸದಸ್ಯರ ಕೈಯಲ್ಲಿವೆ. ಯಾರಿಗೆ ಯಾವ ಮನೆ, ಯಾವ ಜಾಗದಲ್ಲಿ ಕಟ್ಟಲು ಅನುಮತಿ ಎಂಬ ಒಂದೊಂದು ತೀರ್ಮಾನವೂ ಮುಖ್ಯ ಕಾರ್ಯನಿರ್ವಾಹಕರದು ಮತ್ತು ಅವರ ಸಿಬ್ಬಂದಿಯದು. ಸದಸ್ಯ ಪತ್ರ ಬರೆಯಬಹುದು, ಫೋನ್ ಮಾಡಬಹುದು, ಮತ್ತೆ ಫೋನ್ ಮಾಡಬಹುದು. ಗೆದ್ದ ಟಾಮ್‌ಗೆ ಇದು ಗೊತ್ತಾಗುವುದೇ ಸರಿಯಾದ ಕೊನೆ ಆದೀತು. ಆ ಮುದುಕಿಯ ಮನೆಗೆ ಮತ್ತೆ ಹೋಗಲಿ, ಬೇಲಿ ಇನ್ನೂ ಅಷ್ಟೇ ಎತ್ತರ ಇರಲಿ.

ಸಣ್ಣಪುಟ್ಟವು: ಪಕ್ಷೇತರನಾದ ಟಾಮ್ 100 ಯೂರೋ ಠೇವಣಿ ಇಡಬೇಕು, ಇಲ್ಲವೇ ಅದೇ ಕ್ಷೇತ್ರದ 15 ಮತದಾರರ ಸಮ್ಮತಿ ತರಬೇಕು. ಎರಡನೆಯದನ್ನೇ ಆರಿಸಿ, ಹದಿನೈದನೆಯ ಸಹಿಗಾಗಿ ಅಲೆಯುವುದರಲ್ಲಿ ಹಾಸ್ಯವಿದೆ. ಪೋಸ್ಟರ್ ಕಟ್ಟುವುದು ಮತದಾನಕ್ಕೆ 30 ದಿನ ಮೊದಲಿನಿಂದ, ಬಿಚ್ಚುವುದು 7 ದಿನದೊಳಗೆ, ಬಿಟ್ಟರೆ ಒಂದಕ್ಕೆ 150 ಯೂರೋ ದಂಡ. ನಿಮ್ಮ ಕಥೆಯಲ್ಲಿ ಆಗಸ್ಟಿನಲ್ಲೂ ತೂಗುತ್ತಿವೆ. ಮತಗಟ್ಟೆಯಿಂದ 50 ಮೀಟರ್ ಒಳಗೆ ಪ್ರಚಾರವಿಲ್ಲ. ಟಾಮ್ ಸತ್ತರೆ ಉಪಚುನಾವಣೆ ನಡೆಯುವುದಿಲ್ಲ, ಕೌನ್ಸಿಲ್ ತಾನೇ ಒಬ್ಬರನ್ನು ಸೇರಿಸಿಕೊಳ್ಳುತ್ತದೆ. ಆದ್ದರಿಂದ ಮುಂದಿನ ಭಾಗದ ಬಗ್ಗೆ ನೀವು ಬರೆದ ಯೋಜನೆಯನ್ನೂ ಇನ್ನೊಮ್ಮೆ ನೋಡಿ. ಪೊಲೀಸರಿಗೆ ಅಲ್ಲಿ ‘ಗಾರ್ಡಾ’ ಎನ್ನುತ್ತಾರೆ, ಮತಗಟ್ಟೆಯಲ್ಲಿ ಲಾಠಿ ಬೀಸುವುದಿಲ್ಲ. ಅಲ್ಲಿನ ಪಕ್ಷದ ಹೆಸರಿನ ಉಚ್ಚಾರ ‘ಸಿನ್ ಫೀನ್’ ಅಲ್ಲ, ‘ಶಿನ್ ಫೇನ್’.

ನಿಮ್ಮ ಹಸ್ತಪ್ರತಿ ಸುಮಾರು 5,000 ಪದ ಇದೆ. ಮೈಕಿನ ಕಾರು, ರಾತ್ರಿಯ ಮೆರವಣಿಗೆ, ಮನೆ ಮಂಜೂರಾತಿ ತೆಗೆದರೆ 1,500ರಷ್ಟು ಇಳಿಯುತ್ತದೆ. ಆ ಜಾಗವನ್ನು ಬೇಲಿಗೂ ಟ್ಯಾಲಿಗೂ ಹಂಚಿ. ಸುತ್ತುಗಳ ಲೆಕ್ಕವನ್ನು ಮೊದಲು ಬೇರೆ ಹಾಳೆಯಲ್ಲಿ ಪೂರ್ತಿ ಮಾಡಿಕೊಳ್ಳಿ, ಪ್ರತಿ ಸುತ್ತಿನ ಕೊನೆಗೂ ಮೊತ್ತ 5,250ಕ್ಕೆ ತಾಳೆಯಾಗಬೇಕು, ಮುಂದೆ ಹೋಗಲಾಗದ ಚೀಟಿಗಳನ್ನೂ ಸೇರಿಸಿ. ಆ ಹಾಳೆಯನ್ನೂ ಕಥೆಯ ಜೊತೆ ಕಳುಹಿಸಿ, ಅಚ್ಚಿಗೆ ಮೊದಲು ನಾವೂ ಒಮ್ಮೆ ಕೂಡಿ ನೋಡುತ್ತೇವೆ.

ಸಂಪಾದಕ ಬಳಗ