ಓದಿಕೊಂಡು ಹೋದರೂ ಸೆಮಿನಾರಿನಲ್ಲಿ ಮಾತು ಹೊರಡುತ್ತಿರಲಿಲ್ಲ

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಸಕಲೇಶಪುರ ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆಯ ಹುಡುಗಿ. ಹಾಸನದಲ್ಲಿ ಪದವಿ ಮುಗಿಸಿ, ಒಂದು ವರ್ಷದ ಸ್ನಾತಕೋತ್ತರ ಓದಿಗೆ ಇಂಗ್ಲೆಂಡಿಗೆ ಹೋಗಿದ್ದಳು. ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಬಂದಾಗ ತಂದೆಯೇ ಅವಳನ್ನು ನನ್ನಲ್ಲಿಗೆ ಕರೆತಂದರು. ಓದು ಬಿಟ್ಟು ಬರುತ್ತೇನೆಂದು ಫೋನಿನಲ್ಲಿ ಅಳುತ್ತಾಳೆ ಎಂಬುದು ಅವರ ಚಿಂತೆ. ಸಾಲ ಮಾಡಿ ಕಳಿಸಿದ್ದರು.

“ನನ್ನ ಇಂಗ್ಲಿಷ್ ಸರಿಯಿಲ್ಲ ಮೇಡಂ” ಎಂದಳು. ಬರೆದ ಪ್ರಬಂಧಗಳಿಗೆ ಒಳ್ಳೆಯ ಅಂಕಗಳೇ ಬಂದಿದ್ದವು. ತೊಂದರೆ ಇದ್ದದ್ದು ಸೆಮಿನಾರಿನಲ್ಲಿ. ಮೊದಲೇ ಕೊಟ್ಟ ಲೇಖನವನ್ನು ಓದಿಕೊಂಡು ಬಂದವರು ಮೇಜಿನ ಸುತ್ತ ಕುಳಿತು ಚರ್ಚಿಸುತ್ತಾರೆ, ಅಧ್ಯಾಪಕರು ಕಡಿಮೆ ಮಾತನಾಡುತ್ತಾರೆ. ಇವಳು ಎಲ್ಲವನ್ನೂ ಓದಿಕೊಂಡು ಹೋಗಿ, ಒಂದು ಮಾತೂ ಆಡದೆ ಎದ್ದು ಬರುತ್ತಿದ್ದಳು.

ಒಂದು ತರಗತಿಯನ್ನು ಆರಂಭದಿಂದ ಕೊನೆಯವರೆಗೆ ವಿವರಿಸಲು ಕೇಳಿದೆ. ಅಂದಿನ ವಿಷಯ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ನಿಗದಿಪಡಿಸುತ್ತಿದ್ದ ಅದರ ಕೋಟಾ ವ್ಯವಸ್ಥೆ 1989ರಲ್ಲಿ ಕುಸಿದು ಬೆಲೆ ನೆಲಕಚ್ಚಿದ ಸಂಗತಿ. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಕಾಫಿ ಮಂಡಳಿಯೇ ಮಾರುತ್ತಿದ್ದ ಪೂಲಿಗೆ ಅಜ್ಜ ಕಾಫಿ ಹಾಕಿ, ಹಣಕ್ಕಾಗಿ ಕಂತು ಕಂತಾಗಿ ಕಾದದ್ದನ್ನೂ, ಆಮೇಲೆ ಬೆಳೆಗಾರರೇ ನೇರವಾಗಿ ಮಾರಬಹುದಾದ ಮುಕ್ತ ಮಾರಾಟ ಬಂದದ್ದನ್ನೂ ಕೇಳಿಕೊಂಡೇ ಬೆಳೆದವಳು ಇವಳು. ಆ ಕೊಠಡಿಯಲ್ಲಿ ಇಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರಿದ್ದರು? ಆದರೆ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ವ್ಯಾಕರಣ ತಿದ್ದಿ, ಸಿದ್ಧಳಾಗುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು.

“ಕೈ ಎತ್ತಿದೆಯಾ?”

“ಇಲ್ಲ ಮೇಡಂ. ಸರ್ ಹೆಸರು ಕರೆಯುತ್ತಾರೆ ಅಂದುಕೊಂಡಿದ್ದೆ.”

ಇದನ್ನು ಅಂಜುಬುರುಕತನ ಎನ್ನಲು ನಾನು ಒಪ್ಪುವುದಿಲ್ಲ. ಹೆಸರು ಕರೆದಾಗ ಎದ್ದು ನಿಂತು ತಪ್ಪಿಲ್ಲದ ಉತ್ತರ ಹೇಳುವವಳೇ ಜಾಣೆ ಎಂದು ಕಲಿಸಿದವರು ನಾವು. ಕಲಿತದ್ದನ್ನೇ ಅವಳು ಅಲ್ಲಿಯೂ ಪಾಲಿಸುತ್ತಿದ್ದಳು.

ಮೊದಲ ಹತ್ತು ನಿಮಿಷದೊಳಗೆ ಏನಾದರೂ ಒಂದು ಮಾತನಾಡು, ತಡವಾದಷ್ಟೂ ಕಷ್ಟ ಎಂದೆ. ಉತ್ತರವೇ ಆಗಬೇಕಿಲ್ಲ, ಓದುವಾಗ ಗುರುತು ಹಾಕಿಕೊಂಡ ಒಂದು ಪ್ರಶ್ನೆ ಸಾಕು. “ಅವರ ಮಾತಿಗೆ ಒಂದು ಸೇರಿಸಬೇಕು” ಎಂದು ಮೊದಲು ಬಾಯಿಬಿಟ್ಟರೆ ಎಲ್ಲರೂ ಇತ್ತ ತಿರುಗುತ್ತಾರೆ, ಉಳಿದ ವಾಕ್ಯ ಆಮೇಲೆ ಕೂಡಿಕೊಳ್ಳುತ್ತದೆ. ಇದನ್ನು ಅಲ್ಲೇ ಅಭ್ಯಾಸ ಮಾಡಿಸಿದೆ. ಅವಳ ತಂದೆಯೂ ನಾನೂ ಕಾಫಿ ಬೆಲೆಯ ಬಗ್ಗೆ ಬಿಡುವಿಲ್ಲದೆ ವಾದಿಸಬೇಕು, ಅವಳು ನಡುವೆ ಬಾಯಿ ಹಾಕಬೇಕು. ಅಪ್ಪನ ಮಾತನ್ನು ತಡೆಯಲು ಬಹಳ ಹೊತ್ತಿನವರೆಗೆ ಅವಳಿಗೆ ಸಾಧ್ಯವಾಗಲೇ ಇಲ್ಲ. ಕೊನೆಗೆ ಅವರು ಒಂದು ಇಸವಿಯನ್ನು ತಪ್ಪಾಗಿ ಹೇಳಿದಾಗ, “ಅಪ್ಪಾ, ಪೂರ್ತಿ ಮುಕ್ತವಾದದ್ದು 1996ರಲ್ಲಿ” ಎಂದು ತಿದ್ದಿದಳು. ತಂದೆಯ ಮುಖದಲ್ಲಿ ಕೋಪವಿರಲಿಲ್ಲ. ಅವಳು ಅದನ್ನು ಗಮನಿಸಿದಳು.

ಚರ್ಚೆಯ ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸುವಂತೆಯೂ, ಚರ್ಚೆಗೆ ಮೊದಲು ಪಕ್ಕದವರೊಡನೆ ಎರಡು ನಿಮಿಷ ಮಾತನಾಡಿಕೊಳ್ಳಲು ಬಿಡುವಂತೆಯೂ ಅಧ್ಯಾಪಕರಿಗೆ ಇ-ಮೇಲ್ ಬರೆಯಲು ಹೇಳಿದೆ. ಹಾಗೆ ಕೇಳಿದರೆ ಬೇಡಿದಂತಾಗುತ್ತದೆ ಎಂಬ ಸಂಕೋಚ ಅವಳಿಗೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನದ ವಿಷಯ ಹೇಳಿದೆ: ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಉತ್ತರಗಳು ದೀರ್ಘವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡಿದರು. ಆ ಬಿಡುವು ಸಿಕ್ಕರೆ ಅಲ್ಲಿನ ವಿದ್ಯಾರ್ಥಿಗಳಿಗೂ ಅನುಕೂಲವೇ.

ಒಂದು ಎಚ್ಚರಿಕೆಯನ್ನೂ ಕೊಟ್ಟೆ. ಪ್ರತಿ ಸಲವೂ “ಭಾರತದಲ್ಲಿ ಹೇಗೆ?” ಎಂದು ಇವಳನ್ನೇ ಕೇಳತೊಡಗಿದರೆ, ಇದು ನಮ್ಮ ತೋಟದ ಅನುಭವ ಮಾತ್ರ ಎಂದು ಹೇಳಿ ಲೇಖನಕ್ಕೇ ಮರಳಬೇಕು. ದೇಶದ ಪ್ರತಿನಿಧಿಯಾಗಲು ಅವಳು ಹೋಗಿಲ್ಲ, ಓದಲು ಹೋಗಿದ್ದಾಳೆ.

ತಂದೆಗೆ ಹೇಳಿದ್ದು ಒಂದೇ: ರಾತ್ರಿ ಫೋನಿನಲ್ಲಿ “ಇವತ್ತು ಮಾತನಾಡಿದೆಯಾ?” ಎಂದು ಕೇಳಬೇಡಿ.

ಫೆಬ್ರವರಿಯಲ್ಲಿ ಅವಳೇ ಕರೆ ಮಾಡಿದಳು. ಪ್ರಶ್ನೆಗಳು ಈಗ ಮೊದಲೇ ಬರುತ್ತಿವೆ. ಒಂದು ಸೆಮಿನಾರಿನಲ್ಲಿ ಪ್ರತಿ ವಾರ ಮಾತನಾಡುತ್ತಾಳೆ. ಗಟ್ಟಿ ದನಿಯವರೇ ತುಂಬಿರುವ ಇನ್ನೊಂದರಲ್ಲಿ ಈಗಲೂ ಆಗುತ್ತಿಲ್ಲ. ಓದು ಬಿಡುವ ಮಾತು ಬರಲಿಲ್ಲ. ಆ ಎರಡನೆಯ ಸೆಮಿನಾರಿನ ಅಧ್ಯಾಪಕರನ್ನು ತರಗತಿಯ ಹೊರಗೆ ಒಮ್ಮೆ ಕಂಡು ಮಾತನಾಡು ಎಂದಿದ್ದೇನೆ.