ಪರದೇಶಕ್ಕೆ ಬರುವ ಹೆಣ್ಣಿಗೆ ಆಸರೆಯಾಗುವುದು ಯಾವುದು

ಗಂಡನ ವೀಸಾವನ್ನು ಅವಲಂಬಿಸಿ ಹೊರದೇಶಕ್ಕೆ ಬರುವ ಹೆಣ್ಣನ್ನು ಮನೆಯೊಳಗಿನ ಹಿಂಸೆಯಿಂದ ಯಾವುದು ಕಾಪಾಡುತ್ತದೆ ಎಂದು ಕೇಳಿದ್ದೀರಿ, ತಂಗಿ. ಮೊದಲಿಗೇ ಹೇಳಿಬಿಡುತ್ತೇನೆ: ಹೊಡೆತಕ್ಕೆ ಹೊಣೆ ಕೈಯೆತ್ತಿದವನೇ, ಮುಂದೆ ಹೇಳುವ ಯಾವ ಎಚ್ಚರಿಕೆಯನ್ನೂ ಪೆಟ್ಟು ತಿಂದವಳನ್ನು ದೂರಲು ಬಳಸಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಸಂಗಾತಿಯೊಡನೆ ಬಾಳಿದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 27ರಷ್ಟು ಮಂದಿ ಆ ಸಂಗಾತಿಯಿಂದಲೇ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಯಾವ ಸಮುದಾಯವೂ ಇದರಿಂದ ಹೊರತಲ್ಲ.

ಇಷ್ಟು ವರ್ಷ ಇಲ್ಲಿ ಬಾಳಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು, ಗಂಡನ ಪರಿಚಯದಿಂದಲ್ಲದೆ ಹೆಂಡತಿ ತಾನಾಗಿಯೇ ಸಂಪಾದಿಸಿಕೊಂಡ ಜನರ ಒಡನಾಟ. ಹೊಡೆತಕ್ಕೆ ಬಹಳ ಮುಂಚೆಯೇ ಅವಳನ್ನು ಒಂಟಿಯಾಗಿಸುವ ಕೆಲಸ ಶುರುವಾಗಿರುತ್ತದೆ: ತವರಿಗೆ ಇಷ್ಟೊಂದು ಫೋನ್ ಯಾಕೆ, ಭಾಷೆ ಕಲಿಯುವ ತರಗತಿ ಯಾಕೆ, ಆ ನೆರೆಯವಳ ಸಹವಾಸ ಯಾಕೆ ಎಂಬ ಮಾತುಗಳು ಕಾಳಜಿಯ ರೂಪದಲ್ಲೇ ಬರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾಯ್ದೆಯೊಂದು, ಪದೇ ಪದೇ ನಡೆದು ಗಂಭೀರ ಪರಿಣಾಮ ಬೀರುವ ಇಂಥ ಹತೋಟಿಯನ್ನೇ ಅಪರಾಧವೆಂದು ಸಾರಿದೆ. ಆದ್ದರಿಂದ ಸ್ಥಳೀಯ ಭಾಷೆಯನ್ನು ತಪ್ಪದೆ ಕಲಿಯಿರಿ. ಅದು ಬರುವವರೆಗೆ ವೈದ್ಯರ ಮುಂದೆ ಗಂಡನೇ ನಿಮ್ಮ ಪರವಾಗಿ ಮಾತನಾಡುವುದು ಬೇಡ, ದುಭಾಷಿಯನ್ನು ಒದಗಿಸಲು ಕೇಳಿ.

ಸ್ವಂತ ಸಂಪಾದನೆ ಅವಶ್ಯ, ಆದರೆ ಅದೊಂದೇ ಸಾಲದು. ಹೆಂಡತಿಯ ದುಡಿಮೆಯನ್ನು ತನ್ನ ಅಧಿಕಾರಕ್ಕೆ ಬಂದ ಕುತ್ತೆಂದು ಎಣಿಸುವ ಗಂಡಸಿರುವ ಮನೆಯಲ್ಲಿ ಮೊದಮೊದಲು ಜಗಳ ಹೆಚ್ಚುವುದೂ ಉಂಟು. ದಕ್ಷಿಣ ಆಫ್ರಿಕಾದ ಗ್ರಾಮೀಣ ಭಾಗದಲ್ಲಿ ಬಡ ಮಹಿಳೆಯರಿಗೆ ಸಣ್ಣ ಸಾಲದ ಜೊತೆಗೆ ಗಂಡುಹೆಣ್ಣಿನ ಸಂಬಂಧದ ಕುರಿತ ಸಾಮೂಹಿಕ ಚರ್ಚೆಯನ್ನೂ ಒದಗಿಸಿದ ಪ್ರಯೋಗವೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಂಗಾತಿಯ ಹಿಂಸೆಯ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹಣವೂ ಜೊತೆಗಾರ್ತಿಯರೂ ಒಟ್ಟಿಗೆ ದೊರೆತದ್ದೇ ಅಲ್ಲಿನ ವಿಶೇಷವೆಂದು ನಾನು ನಂಬುತ್ತೇನೆ.

ಪಾಸ್‌ಪೋರ್ಟ್, ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪತ್ರ ನಿಮ್ಮ ಕೈಯಲ್ಲೇ ಇರಲಿ, ಪ್ರತಿಗಳು ನಂಬಿಕಸ್ಥರ ಬಳಿ ಇರಲಿ. ದೂರು ಕೊಟ್ಟರೆ ದೇಶದಿಂದಲೇ ಕಳುಹಿಸಿಬಿಡುತ್ತಾರೆ ಎಂಬ ಬೆದರಿಕೆಯನ್ನು ವಿಚಾರಿಸದೆ ನಂಬಬೇಡಿ. ಅಮೆರಿಕದ 1994ರ ಕಾಯ್ದೆಯಂತೆ, ಅಲ್ಲಿನ ಪ್ರಜೆಯ ಅಥವಾ ಕಾಯಂ ನಿವಾಸಿಯ ಹೆಂಡತಿ ಹಿಂಸೆಗೊಳಗಾದರೆ ಗಂಡನ ಒಪ್ಪಿಗೆಯಿಲ್ಲದೆ ಕಾಯಂ ವಾಸಕ್ಕಾಗಿ ತಾನೇ ಅರ್ಜಿ ಸಲ್ಲಿಸಬಹುದು. ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯಲು ಯುರೋಪಿನಲ್ಲಿ ಮಾಡಿಕೊಂಡ ಇಸ್ತಾನ್‌ಬುಲ್ ಒಪ್ಪಂದದ 59ನೇ ವಿಧಿಯೂ ಇಂಥವರ ವಾಸದ ಹಕ್ಕನ್ನು ಕುರಿತದ್ದೇ. ಕೆಲಸದ ವೀಸಾದವರ ಅವಲಂಬಿತರಿಗೆ ನಿಯಮಗಳು ಬೇರೆಯಾಗಿರುವುದರಿಂದ, ಗಂಡನ ವಕೀಲರನ್ನಲ್ಲದೆ ಬೇರೊಬ್ಬ ವಲಸೆ ವಕೀಲರನ್ನು ಕೇಳಿ.

ಮನೆ ಬಿಟ್ಟು ಹೊರಡುವ ಸಮಯವೇ ಹೆಚ್ಚು ಅಪಾಯದ್ದು. ಅಂಥ ನಿರ್ಧಾರಕ್ಕೆ ಬಂದರೆ ಅದನ್ನು ಜಗಳದ ನಡುವೆ ಅವನ ಮುಂದೆ ಆಡಿಬಿಡಬೇಡಿ. ಅವನ ಕಣ್ಣಿಗೆ ಬೀಳದ ಫೋನಿನಿಂದ ಮಹಿಳಾ ಸಹಾಯವಾಣಿಗೆ ಕರೆಮಾಡಿ, ಯಾವಾಗ, ಯಾರೊಡನೆ, ಎಲ್ಲಿಗೆ ಹೋಗಬೇಕೆಂಬುದನ್ನು ಅವರೊಡನೆ ಕೂಡಿ ಮೊದಲೇ ಗೊತ್ತುಮಾಡಿಕೊಳ್ಳಿ.