26 ವರ್ಷ ಸುಮ್ಮನಿದ್ದವರು ಯಾರು?

“ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಪತ್ನಿ ಆಲಿಸ್ 26 ವರ್ಷ ಸುಮ್ಮನಿದ್ದು, 2004ರಲ್ಲಿ ‘ಟ್ರಾನ್ಸ್‌ಲೀನಿಯರ್ ಲೈಟ್’ ಆಲ್ಬಮ್ ತಂದರು. ಅದರಲ್ಲಿರುವುದು ಹಳೆಯ ರಚನೆಗಳು, ಗಂಡನ ರಚನೆಗಳು, ಭಜನೆಗಳು. ನಿಮ್ಮ ಪತ್ರಿಕೆ ಅದನ್ನು ಅಷ್ಟೊಂದು ಹೊಗಳಿದ್ದೇಕೆ?”
– ಓದುಗರೊಬ್ಬರು, ಮೈಸೂರು

ಆಲ್ಬಮ್ಮನ್ನು ಪೂರ್ತಿ ಕೇಳಿಯೇ ಬರೆದಿದ್ದೀರಿ; ಅಂಥ ಓದುಗರು ಈಗ ಅಪರೂಪ. ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಸಿಂಥಸೈಜರಿನಿಂದ ಹೊರಡಿಸಿದ ತಂತಿವಾದ್ಯಗಳ ನಾದ ಕೆಲವೆಡೆ ಪೇಲವವಾಗಿದೆ. ಅದರಲ್ಲಿನ ‘ಲಿಯೋ’, ‘ಕ್ರೆಸೆಂಟ್’ ಎರಡೂ ರಚನೆಗಳು ಜಾನ್ ಅವರವೇ. ಆದರೆ ‘ಸುಮ್ಮನಿದ್ದು’ ಎಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

1978ರ ‘ಟ್ರಾನ್ಸ್‌ಫಿಗರೇಶನ್’ ಆಲ್ಬಮ್ ಆದಮೇಲೆ ಆಲಿಸ್ ಬಿಟ್ಟದ್ದು ರೆಕಾರ್ಡ್ ಕಂಪನಿಗಳನ್ನು, ಸಂಗೀತವನ್ನಲ್ಲ. ಸ್ವಾಮಿನಿ ತುರೀಯಸಂಗೀತಾನಂದ ಎಂಬ ಹೆಸರಿನಲ್ಲಿ 1983ರಲ್ಲಿ ಕ್ಯಾಲಿಫೋರ್ನಿಯಾದ ಅಗೋರಾದಲ್ಲಿ ಆಶ್ರಮ ಕಟ್ಟಿ, ಆರ್ಗನ್ ಮುಂದೆ ಕುಳಿತು ಭಜನೆ ನಡೆಸಿದರು. ಬಾಲ್ಯದಲ್ಲಿ ಡೆಟ್ರಾಯಿಟ್‌ನ ಚರ್ಚಿನಲ್ಲಿ ಪಳಗಿದ ಕೈಗಳವು. ನಮ್ಮ ನಾಮಾವಳಿಗೆ ಅಲ್ಲಿನ ಚರ್ಚಿನ ಭಕ್ತಿಗೀತೆಗಳಾದ ಗಾಸ್ಪೆಲ್ಲಿನ ಚಪ್ಪಾಳೆ ಕೂಡಿಕೊಂಡದ್ದು ಸಹಜವೇ. ಆ ಹಾಡುಗಳ ಕ್ಯಾಸೆಟ್ಟುಗಳು ಬಹುಮಟ್ಟಿಗೆ ಭಕ್ತರ ಮನೆಗಳಲ್ಲೇ ಉಳಿದವು, ವಿಮರ್ಶಕರ ಮೇಜಿಗೆ ಬರಲಿಲ್ಲ. 2017ರಲ್ಲಿ ಅವುಗಳ ಸಂಕಲನ ಹೊರಬಂದು ಎಲ್ಲರೂ ಬೆರಗಾಗುವ ಹೊತ್ತಿಗೆ ಆಲಿಸ್ ತೀರಿಕೊಂಡು ಹತ್ತು ವರ್ಷವಾಗಿತ್ತು.

‘ಜಗದೀಶ್ವರ್’ ಒಂದನ್ನೇ ತೆಗೆದುಕೊಳ್ಳಿ. 1982ರ ‘ತುರೀಯ ಸಿಂಗ್ಸ್’ ಕ್ಯಾಸೆಟ್ಟಿನಲ್ಲಿ ಅದನ್ನು ಆಲಿಸ್ ತಾವೇ ಹಾಡಿದ್ದರು. 2004ರಲ್ಲಿ ಹಾಡುವುದು ಮಗನ ಸ್ಯಾಕ್ಸೋಫೋನ್. ಪಂಡಿತ್ ರವಿಶಂಕರ್ ಅವರ ಹೆಸರನ್ನೇ ಹೊತ್ತ, ತಂದೆ ತೀರಿಕೊಂಡಾಗ ಎರಡು ವರ್ಷವೂ ತುಂಬಿರದ ರವಿ ಕೋಲ್ಟ್ರೇನ್, ತಾಯಿಯ ಮನವೊಲಿಸಿ ಸ್ಟುಡಿಯೋಗೆ ಕರೆತಂದು ಈ ಆಲ್ಬಮ್ಮನ್ನು ನಿರ್ಮಿಸಿದವರು. ಇದು ಗೊತ್ತಿದ್ದೂ ‘ಲಿಯೋ’ವನ್ನು ‘ಗಂಡನ ರಚನೆ’ ಎಂದು ಪಕ್ಕಕ್ಕಿಡಲು ನಿಮಗೆ ಮನಸ್ಸು ಬಂದೀತೆ?

‘ಪತ್ನಿ’ ಎಂದಷ್ಟೇ ಬರೆದದ್ದಕ್ಕೂ ತುಸು ಬೇಸರವಿದೆ. ಪ್ಯಾರಿಸ್‌ನಲ್ಲಿ ಜಾಝ್ ಪಿಯಾನೋ ವಾದಕ ಬಡ್ ಪೊವೆಲ್ ಅವರಿಂದ ಕಲಿತು, ಜಾನ್ ಅವರ ತಂಡದಲ್ಲಿ ಮೆಕಾಯ್ ಟೈನರ್ ಬಿಟ್ಟುಹೋದ ಪಿಯಾನೋದ ಮುಂದೆ ಕುಳಿತು, 1967ರಲ್ಲಿ ಜಾನ್ ತೀರಿಕೊಂಡ ಮೇಲೆ ನಾಲ್ಕು ಮಕ್ಕಳನ್ನು ಸಾಕುತ್ತಲೇ ತಮ್ಮದೇ ತಂಡ ಕಟ್ಟಿ ಆಲ್ಬಮ್ ಮೇಲೆ ಆಲ್ಬಮ್ ತಂದ ಹೆಂಗಸು ಅವರು. ಹಳೆಯ ರಚನೆಗಳಿವೆ ಎಂದಿರಿ, ನಿಜ: 2004ರ ಆಲ್ಬಮ್ಮಿನ ಮೊದಲ ಹಾಡಾದ ‘ಸೀತಾರಾಮ್’ 1971ರಲ್ಲೇ ಅವರ ‘ಯೂನಿವರ್ಸಲ್ ಕಾನ್ಷಸ್‌ನೆಸ್’ನಲ್ಲಿತ್ತು. ಭಜನೆ ಹಾಡುವವರಿಗೆ ‘ಹೋದ ವಾರದ್ದನ್ನೇ ಈ ವಾರವೂ ಹಾಡಿದಿರಲ್ಲ’ ಎಂದು ಯಾರೂ ಹೇಳುವುದಿಲ್ಲ.

ಮಾರುಕಟ್ಟೆಗೆ ಬಂದದ್ದಷ್ಟೇ ಲೆಕ್ಕ ಎನ್ನುವ ಈ ರೋಗ ನಮ್ಮಲ್ಲೂ ಇದೆ. ಊರಿನ ಭಜನಾ ಮಂದಿರದಲ್ಲಿ ವಾರವಾರವೂ ಹಾರ್ಮೋನಿಯಂ ಹಿಡಿಯುವವರ ಬಗ್ಗೆ ಬರೆದುಕೊಡಿ ಎಂದರೆ, ಲೇಖಕರು ಮೊದಲು ಕೇಳುವುದು ‘ಅವರ ಆಲ್ಬಮ್ ಯಾವುದು ಬಂದಿದೆ?’ ಎಂದೇ.

ನಿಮಗೊಂದು ಕೆಲಸ ಹೇಳುತ್ತೇನೆ. 2021ರಲ್ಲಿ ರವಿ ಹೊರತಂದ ‘ಕೀರ್ತನ್: ತುರೀಯ ಸಿಂಗ್ಸ್’ನಲ್ಲಿ ತಾಯಿಯ ಕಂಠ ಮತ್ತು ಆರ್ಗನ್ ಮಾತ್ರ ಇವೆ, ಸಿಂಥಸೈಜರಿನ ಕಾಟವಿಲ್ಲ. ಅದರಲ್ಲಿನ ‘ಜಗದೀಶ್ವರ್’ ಕೇಳಿದ ಮೇಲೆ 2004ರದ್ದನ್ನು ಕೇಳಿ, ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.

– ಸಂಪಾದಕ